ಆರದ ಪಾರ್ಕ್ ಲೈಟ್: ಕರೆಂಟು ಎಲ್ಲಿಂದ ಬರುತ್ತಿದೆ ಎಂದು ಹುಡುಕುವ ಕ್ರಮ

ಕಳೆದ ಜನವರಿಯಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆ ಒಂದು ಬಯಲಾಟಕ್ಕೆ ಹೋಗಿದ್ದೆವು. ಗದ್ದೆಯಲ್ಲಿ ಕಾರು ನಿಲ್ಲಿಸಿ, ಬೀಗ ಹಾಕಿ, ಹತ್ತು ಹೆಜ್ಜೆ ನಡೆದಿರಬಹುದು. ತಂಗಿ ಹಿಂತಿರುಗಿ ನೋಡಿ, "ಅಣ್ಣಾ, ಲೈಟ್ ಉರೀತಾ ಇದೆ" ಎಂದಳು. ವಾಪಸ್ ಹೋಗಿ ಸ್ವಿಚ್ ನೋಡಿದೆ. ಆಫ್ ಆಗಿಯೇ ಇತ್ತು. ಆನ್ ಮಾಡಿ ಮತ್ತೆ ಆಫ್ ಮಾಡಿದೆ. ಕೀ ಹಾಕಿ ತೆಗೆದೆ. ಏನು ಮಾಡಿದರೂ ಮುಂದಿನ ಎರಡು ಸಣ್ಣ ಲೈಟ್, ಹಿಂದಿನ ಎರಡು ಕೆಂಪು ಲೈಟ್, ಅಂದರೆ ಪಾರ್ಕ್ ಲೈಟ್, ಹಾಗೇ ಉರಿಯುತ್ತಿದ್ದವು. ಅಷ್ಟರಲ್ಲಿ ಚೆಂಡೆ ಸದ್ದು ಕೇಳಿಸತೊಡಗಿತ್ತು. ಸಣ್ಣ ಬಲ್ಬ್ ಅಲ್ವಾ, ಎಷ್ಟು ಕರೆಂಟು ಎಳೆದೀತು ಎಂದುಕೊಂಡು ಹೋಗಿ ಕುಳಿತೆ. ಬೆಳಗ್ಗೆ ಆಟ ಮುಗಿದ ಮೇಲೆ ಬಂದು ಕೀ ತಿರುಗಿಸಿದರೆ ಟಕ್ ಟಕ್ ಸದ್ದು ಬಿಟ್ಟು ಬೇರೇನೂ ಇಲ್ಲ.

ಲೆಕ್ಕ ಹಾಕಿದರೆ ಅದು ಆಗಲೇಬೇಕಿತ್ತು. ಮುಂದೆ 5 ವ್ಯಾಟಿನ ಎರಡು ಬಲ್ಬ್, ಹಿಂದೆ 5 ವ್ಯಾಟಿನ ಎರಡು, ನಂಬರ್ ಪ್ಲೇಟಿಗೆ ಒಂದೋ ಎರಡೋ, ಜತೆಗೆ ಮೀಟರ್ ಬೋರ್ಡಿನ ಬೆಳಕು. ಒಟ್ಟು 30 ವ್ಯಾಟ್ ದಾಟುತ್ತದೆ. 12 ವೋಲ್ಟಿಗೆ ಅದು ಸುಮಾರು ಎರಡೂವರೆ ಆಂಪಿಯರ್. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಏಳು ಗಂಟೆಯಲ್ಲಿ ಅರ್ಧ ಖಾಲಿ. ಎರಡು ಮೂರು ವರ್ಷ ಹಳೆಯ ಬ್ಯಾಟರಿಯಾದರೆ ಆ ಅರ್ಧದಲ್ಲಿ ಎಂಜಿನ್ ತಿರುಗುವುದಿಲ್ಲ. ಒಂದು ಇಡೀ ರಾತ್ರಿಯ ಆಟ ಸಾಕು.

ಆ ದಿನದ ನಂತರ ಈ ವಿಷಯ ನನ್ನ ತಲೆಯಲ್ಲಿ ಕೂತುಬಿಟ್ಟಿತು. ನನ್ನ ಕಾರು ಸರಿಯಾದ ಮೇಲೆ ನೆಂಟರ, ನೆರೆಮನೆಯವರ ನಾಲ್ಕೈದು ಕಾರು ನೋಡಿದೆ. ಒಂದು ಮಾತು ಖಾತ್ರಿಯಾಯಿತು: ಉರಿಯದ ಲೈಟಿಗಿಂತ ಆರದ ಲೈಟಿನ ದೋಷ ಹುಡುಕುವುದು ಸುಲಭ. ಉರಿಯದ ಲೈಟಿನಲ್ಲಿ ಕರೆಂಟು ಎಲ್ಲಿ ನಿಂತಿತು ಎಂದು ಕತ್ತಲಲ್ಲಿ ತಡಕಾಡಬೇಕು. ಆರದ ಲೈಟು ತಾನೇ ದಾರಿ ತೋರಿಸುತ್ತದೆ. ಒಂದೊಂದೇ ಕೊಂಡಿ ಕಳಚುತ್ತಾ ಹೋಗಿ. ಯಾವುದನ್ನು ಕಳಚಿದಾಗ ಲೈಟ್ ಆರುತ್ತದೋ ಕರೆಂಟು ಅದರ ಮೂಲಕ ಬರುತ್ತಿದೆ. ಹಾಗಾಗಿ ಯಾವ ಸಾಮಾನನ್ನೂ ಮೊದಲೇ ಕೊಂಡು ತರಬೇಡಿ. ಸ್ವಿಚ್ ಬದಲಿಸಿ, ರಿಲೇ ಬದಲಿಸಿ, ಕೊನೆಗೆ ಇನ್ನೇನೋ ಆಗಿತ್ತು ಎಂದು ಗೊತ್ತಾಗುವುದು ದುಡ್ಡಿಗೂ ಮನಸ್ಸಿಗೂ ನಷ್ಟ.

ಮೊದಲು ಆ ರಾತ್ರಿ ಕಳೆಯಬೇಕು

ನೀವು ಇದನ್ನು ಓದುತ್ತಿರುವಾಗಲೇ ಹೊರಗೆ ಕಾರಿನ ಲೈಟ್ ಉರಿಯುತ್ತಿದ್ದರೆ ರಿಪೇರಿ ನಾಳೆಗಿರಲಿ. ಈಗ ಬ್ಯಾಟರಿ ಉಳಿಸಿ.

ಬಾನೆಟ್ ತೆಗೆಯಿರಿ. ಬ್ಯಾಟರಿಯ ನೆಗೆಟಿವ್ ತುದಿ, ಅಂದರೆ ಮೈನಸ್ ಗುರುತಿನ ಟರ್ಮಿನಲ್, ಅದರ ನಟ್ ಸಡಿಲ ಮಾಡಿ ತೆಗೆಯಿರಿ. ಹೆಚ್ಚಿನ ಕಾರುಗಳಿಗೆ 10 ನಂಬರ್ ಸ್ಪ್ಯಾನರ್ ಸಾಕು. ಪಾಸಿಟಿವ್ ಕಡೆ ಮುಟ್ಟಬೇಡಿ. ಪಾಸಿಟಿವ್ ನಟ್ ಮೇಲೆ ಇಟ್ಟ ಸ್ಪ್ಯಾನರ್ ಬಾಡಿಗೆ ತಗುಲಿದರೆ ದೊಡ್ಡ ಕಿಡಿ ಹಾರುತ್ತದೆ. ನೆಗೆಟಿವ್ ಕಳಚಿದ ತುದಿಗೆ ಒಂದು ಬಟ್ಟೆ ಸುತ್ತಿ ಬದಿಗೆ ಸರಿಸಿ. ಕೀ ನಿಮ್ಮ ಜೇಬಿನಲ್ಲೇ ಇರಲಿ. ಬ್ಯಾಟರಿ ಮತ್ತೆ ಜೋಡಿಸುವಾಗ ಕೆಲವು ಕಾರುಗಳ ಬಾಗಿಲು ತಾವಾಗಿ ಲಾಕ್ ಆಗುತ್ತವೆ. ಗಡಿಯಾರ, ರೇಡಿಯೋ ಸ್ಟೇಷನ್ ಮತ್ತೆ ಹೊಂದಿಸಬೇಕಾಗಬಹುದು. ಕೆಲವು ಸ್ಟೀರಿಯೋಗಳು ಕೋಡ್ ಕೇಳುತ್ತವೆ. ಅದು ಗೊತ್ತಿಲ್ಲದಿದ್ದರೆ ಬ್ಯಾಟರಿ ಬಿಟ್ಟು ಫ್ಯೂಸ್ ತೆಗೆಯುವ ದಾರಿ ಒಳ್ಳೆಯದು.

ಫ್ಯೂಸ್ ಡಬ್ಬದ ಮುಚ್ಚಳದ ಒಳಬದಿಯಲ್ಲಿ ನಕ್ಷೆ ಇರುತ್ತದೆ. ಟೈಲ್, ಪಾರ್ಕ್, ಸ್ಮಾಲ್, ಇಲ್ಯುಮಿನೇಶನ್, ಇವುಗಳಲ್ಲಿ ಯಾವುದಾದರೂ ಹೆಸರಿರುತ್ತದೆ. ಕೆಲವು ಕಾರುಗಳಲ್ಲಿ ಎಡಕ್ಕೊಂದು ಬಲಕ್ಕೊಂದು ಎಂದು ಎರಡು ಫ್ಯೂಸ್. ಎರಡನ್ನೂ ತೆಗೆಯಬೇಕು. ತೆಗೆಯುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ಹೊಡೆದಿಟ್ಟುಕೊಳ್ಳಿ. ಇದು ಸಣ್ಣ ಕೆಲಸ, ಆದರೆ ನಾಳೆ ತುಂಬಾ ಉಪಕಾರ.

ಫ್ಯೂಸ್ ತೆಗೆದ ಕಾರನ್ನು ಕತ್ತಲಾದ ಮೇಲೆ ರಸ್ತೆಗೆ ಇಳಿಸಬೇಡಿ. ಹಿಂದಿನ ಕೆಂಪು ಲೈಟ್ 155 ಮೀಟರ್ ದೂರಕ್ಕೆ ಕಾಣಬೇಕು ಎಂದು ಮೋಟಾರು ವಾಹನ ನಿಯಮವೇ ಹೇಳುತ್ತದೆ. ತಲಪಾಡಿಯಿಂದ ಕಾಸರಗೋಡಿನವರೆಗೆ ಹೆದ್ದಾರಿ 66ರಲ್ಲಿ ರಾತ್ರಿ ಓಡುವ ಲಾರಿಗಳನ್ನು ನೋಡಿದವರಿಗೆ ಆ ನಿಯಮ ಯಾಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಯಾವ ಲೈಟ್ ಉರಿಯುತ್ತಿದೆ? ಸುತ್ತು ಹಾಕಿ ನೋಡಿ

ಈ ಹೆಜ್ಜೆಯನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಅರ್ಧ ಕೇಸು ಇಲ್ಲೇ ಬಗೆಹರಿಯುತ್ತದೆ. ಸಂಜೆ ಹೊತ್ತು ಕಾರಿನ ಸುತ್ತ ಒಂದು ಸುತ್ತು ಹಾಕಿ. ಮುಂದೆ ಎರಡೂ ಉರಿಯುತ್ತಿವೆಯಾ? ಹಿಂದೆ? ನಂಬರ್ ಪ್ಲೇಟ್? ಒಳಗೆ ಮೀಟರ್ ಬೋರ್ಡ್? ಹಿಂದಿನ ಗಾಜಿನ ಮೇಲೆ ಇರುವ ಮೂರನೇ ಕೆಂಪು ಲೈಟ್?

ಒಂದೇ ಬದಿ ಉರಿಯುತ್ತಿದ್ದರೆ, ಮುಂದೆ ಬಲ ಮತ್ತು ಹಿಂದೆ ಬಲ ಮಾತ್ರ, ಎಡಬದಿ ಪೂರ್ತಿ ಕತ್ತಲೆ, ಆಗ ಅದು ದೋಷವೇ ಅಲ್ಲದಿರಬಹುದು. ಫೋಕ್ಸ್‌ವ್ಯಾಗನ್, ಸ್ಕೋಡಾದಂಥ ಯುರೋಪಿನ ಕಾರುಗಳಲ್ಲಿ ಕೀ ತೆಗೆದ ಮೇಲೆ ಇಂಡಿಕೇಟರ್ ಕಡ್ಡಿ ಮೇಲೋ ಕೆಳಗೋ ಇದ್ದರೆ ಆ ಬದಿಯ ಪಾರ್ಕಿಂಗ್ ಲೈಟ್ ಮಾತ್ರ ಉರಿಯುತ್ತದೆ. ಇಕ್ಕಟ್ಟಾದ ಬೀದಿಯಲ್ಲಿ ನಿಲ್ಲಿಸಿದ ಕಾರು ರಸ್ತೆಯ ಕಡೆಯಿಂದ ಕಾಣಲಿ ಎಂದು ಮಾಡಿದ ಅನುಕೂಲ ಅದು. ಕಡ್ಡಿಯನ್ನು ನಡುವಿಗೆ ತನ್ನಿ. ಲೈಟ್ ಆರುತ್ತದೆ. ಸೀತಾಂಗೋಳಿಯ ಒಬ್ಬ ಪರಿಚಯದವರು ಎರಡು ವಾರ ದಿನಾ ಬ್ಯಾಟರಿ ಕಳಚಿ ಮಲಗುತ್ತಿದ್ದರು. ಗೇಟಿನ ಕಡೆ ತಿರುಗಿಸುವಾಗ ಹಾಕಿದ ಇಂಡಿಕೇಟರ್ ಹಾಗೇ ಉಳಿಯುತ್ತಿತ್ತು, ಅಷ್ಟೇ.

ಕೀ ತೆಗೆದು ಬಾಗಿಲು ಹಾಕಿದ ಮೇಲೆ ಅರ್ಧ ಒಂದು ನಿಮಿಷ ಉರಿದು ತಾನೇ ಆರಿದರೆ ಅದು ಮನೆ ಬಾಗಿಲವರೆಗೆ ಬೆಳಕು ಕೊಡುವ ಸೌಕರ್ಯ. ಕಡ್ಡಿಯ ತುದಿ ಆಟೋ ಎಂಬಲ್ಲಿ ಇದ್ದರೆ ಕತ್ತಲೆ ಶೆಡ್ಡಿನಲ್ಲಿ ಹಗಲಲ್ಲೂ ಲೈಟ್ ಬರುತ್ತದೆ. ಎಂಜಿನ್ ಓಡುವಾಗ ಮಾತ್ರ ಉರಿಯುವ ಬಿಳಿ ಲೈಟ್ ಹಗಲು ಲೈಟ್. ಇವುಗಳಿಗೆ ಚಿಕಿತ್ಸೆ ಬೇಡ.

ಬಲ್ಬ್ ತೆಗೆದು ಎಲ್‌ಇಡಿ ಹಾಕಿಸಿದ್ದೀರಾ? ಕೀ ತೆಗೆದ ಮೇಲೂ ಮಿಣುಕು ಮಿಣುಕಾಗಿ, ಹತ್ತಿರ ಹೋದರೆ ಮಾತ್ರ ಕಾಣುವ ಹಾಗೆ ಉರಿಯುತ್ತಿದೆಯಾ? ಹೊಸ ಕಾರುಗಳ ಕಂಟ್ರೋಲ್ ಮಾಡ್ಯೂಲ್, ಅಂದರೆ ಲೈಟ್ ನೋಡಿಕೊಳ್ಳುವ ಕಂಪ್ಯೂಟರ್, ಬಲ್ಬ್ ಸರಿ ಇದೆಯೇ ಎಂದು ಸ್ವಲ್ಪ ಕರೆಂಟು ಹರಿಸಿ ನೋಡುತ್ತದೆ. ಹಳೇ ಬಲ್ಬ್ ಅಷ್ಟಕ್ಕೆ ಉರಿಯುವುದಿಲ್ಲ, ಎಲ್‌ಇಡಿ ಉರಿಯುತ್ತದೆ. ಮತ್ತೆ ಮೊದಲಿನ ಬಲ್ಬ್ ಹಾಕಿ ನೋಡಿ.

ಇನ್ನು ಎಲ್ಲಕ್ಕಿಂತ ಹೆಚ್ಚು ಜನ ತಪ್ಪು ತಿಳಿಯುವ ಜಾಗ. ಹಿಂದಿನ ಕೆಂಪು ಲೈಟ್ ಮಾತ್ರ ಜೋರಾಗಿ ಉರಿಯುತ್ತಿದೆ. ಮುಂದೆ ಇಲ್ಲ, ನಂಬರ್ ಪ್ಲೇಟ್ ಇಲ್ಲ, ಆದರೆ ಗಾಜಿನ ಮೇಲಿನ ಮೂರನೇ ಲೈಟ್ ಉರಿಯುತ್ತಿದೆ. ಹಾಗಿದ್ದರೆ ಅದು ಪಾರ್ಕ್ ಲೈಟ್ ಅಲ್ಲವೇ ಅಲ್ಲ. ಅದು ಬ್ರೇಕ್ ಲೈಟ್. ಇದು 21 ವ್ಯಾಟಿನ ಬಲ್ಬ್, ಎರಡಿದ್ದರೆ 42 ವ್ಯಾಟ್. ಪಾರ್ಕ್ ಲೈಟಿಗಿಂತ ಬೇಗ ಬ್ಯಾಟರಿ ಕುಡಿಯುತ್ತದೆ.

ಬ್ರೇಕ್ ಪೆಡಲಿನ ಹತ್ತಿರದ ಪುಟ್ಟ ರಬ್ಬರ್

ಬ್ರೇಕ್ ಪೆಡಲಿನ ಮೇಲ್ತುದಿಯಲ್ಲಿ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ, ಒಂದು ಸಣ್ಣ ಸ್ವಿಚ್ ಇದೆ. ಪೆಡಲ್ ಮೇಲಿದ್ದಾಗ ಸ್ವಿಚ್ಚಿನ ಮೊಳೆ ಒಳಗೆ ಒತ್ತಿಕೊಂಡಿರುತ್ತದೆ. ಆಗ ಲೈಟ್ ಆಫ್. ಪೆಡಲ್ ತುಳಿದರೆ ಮೊಳೆ ಹೊರಬಂದು ಲೈಟ್ ಆನ್. ಮೊಳೆಯನ್ನು ಒತ್ತುವುದು ಪೆಡಲಿನ ಕಬ್ಬಿಣ ಅಲ್ಲ. ಅಲ್ಲಿ ಒಂದು ತೂತಿದೆ, ಆ ತೂತಿಗೆ ಹಾಕಿದ ಪುಟ್ಟ ಪ್ಲಾಸ್ಟಿಕ್ ಅಥವಾ ರಬ್ಬರ್ ಬುಷ್ ಇದೆ. ಏಳೆಂಟು ವರ್ಷದಲ್ಲಿ ಆ ಬುಷ್ ಗಟ್ಟಿಯಾಗಿ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಮೊಳೆ ತೂತಿನೊಳಗೆ ನುಗ್ಗಿ ಹೊರಗೇ ಉಳಿಯುತ್ತದೆ. ಕಾರು ಯಾರೋ ಬ್ರೇಕ್ ತುಳಿದು ಕೂತಿದ್ದಾರೆ ಎಂದುಕೊಳ್ಳುತ್ತದೆ. ಹೆಚ್ಚಿನ ಕಾರುಗಳಲ್ಲಿ ಬ್ರೇಕ್ ಲೈಟಿಗೆ ಕೀ ಬೇಕಾಗಿಯೇ ಇಲ್ಲ. ಹಾಗಾಗಿ ರಾತ್ರಿಯಿಡೀ ಉರಿಯುತ್ತದೆ.

ಪರೀಕ್ಷೆ ಸುಲಭ. ಕಾಲಡಿಯ ಮ್ಯಾಟ್ ಎತ್ತಿ ನೋಡಿ. ನೀಲಿ, ಬಿಳಿ ಅಥವಾ ಕಪ್ಪು ಪ್ಲಾಸ್ಟಿಕ್ ಚೂರು ಸಿಕ್ಕಿದರೆ ಉತ್ತರ ಸಿಕ್ಕಂತೆ. ಇಲ್ಲದಿದ್ದರೆ ಬ್ರೇಕ್ ಪೆಡಲನ್ನು ಕೈಯಿಂದ ಮೇಲಕ್ಕೆ ಎಳೆಯಿರಿ. ಆರಿದರೆ ಹೊಂದಾಣಿಕೆ ಸರಿಯಿಲ್ಲ. ಆರದಿದ್ದರೆ ಮೊಳೆಯನ್ನು ಬೆರಳಿನಿಂದ ಒತ್ತಿ. ಆಗ ಆರಿದರೆ ಬುಷ್ ಹೋಗಿದೆ. ಬೆರಳಿಗೂ ಆರದಿದ್ದರೆ ಸ್ವಿಚ್ಚೇ ಕೆಟ್ಟಿದೆ.

ಹೊಸ ಬುಷ್ ತುಂಬಾ ಅಗ್ಗ. ಆದರೆ ಅಡೂರು, ಬಾಯಾರಿನಂಥ ಕಡೆ ಇದ್ದವರಿಗೆ ಅದು ಸಿಗುವ ಅಂಗಡಿಗೆ ಹೋಗುವುದೇ ಅರ್ಧ ದಿನದ ಕೆಲಸ. ಅಲ್ಲಿಯವರೆಗೆ ಆ ತೂತಿಗೆ ಒಂದು ಸಣ್ಣ ಬೋಲ್ಟ್ ತೂರಿಸಿ, ವಾಷರ್ ಇಟ್ಟು ನಟ್ ಬಿಗಿ ಮಾಡಿ. ಬೋಲ್ಟಿನ ಚಪ್ಪಟೆ ತಲೆ ಮೊಳೆಯ ಕಡೆ ಇರಲಿ. ಅಂಟು, ಟೇಪ್ ಹಾಕಿ ಸುಮ್ನೆ ಮುಚ್ಚಬೇಡಿ. ಬಿದ್ದುಹೋದ ಚೂರು ಪೆಡಲಿನ ಅಡಿ ಸಿಕ್ಕಿಕೊಂಡರೆ ಬ್ರೇಕಿಗೇ ಅಪಾಯ.

ಫ್ಯೂಸು ಹೇಳುವ ಸತ್ಯ

ಮುಂದೆ, ಹಿಂದೆ, ನಂಬರ್ ಪ್ಲೇಟ್, ಮೀಟರ್ ಬೋರ್ಡ್ ಎಲ್ಲವೂ ಉರಿಯುತ್ತಿದ್ದರೆ ಪಾರ್ಕ್ ಲೈಟಿನ ಇಡೀ ಲೈನಿಗೆ ಕರೆಂಟು ಬರುತ್ತಿದೆ ಎಂದರ್ಥ. ಈಗ ನಿಜವಾದ ಹುಡುಕಾಟ. ಬೇಕಾಗುವುದು ವಯರಿನಲ್ಲಿ ಕರೆಂಟಿದ್ದರೆ ಉರಿದು ತೋರಿಸುವ 12 ವೋಲ್ಟಿನ ಒಂದು ಟೆಸ್ಟ್ ಲ್ಯಾಂಪ್, ಫ್ಯೂಸ್ ಹಿಡಿಯುವ ಚಿಮಟ, ಸ್ಕ್ರೂ ಡ್ರೈವರ್, ಸಾಧ್ಯವಾದರೆ ವೋಲ್ಟ್, ಆಂಪಿಯರ್ ಅಳೆಯುವ ಒಂದು ಮಲ್ಟಿಮೀಟರ್. ಹೊರಗೆ ನಿಂತು ಲೈಟ್ ಆರಿತೋ ಇಲ್ಲವೋ ಎಂದು ಕೂಗಿ ಹೇಳಲು ಒಬ್ಬರು.

ಸ್ವಿಚ್ ಆಫ್, ಕೀ ಹೊರಗೆ, ಲೈಟ್ ಉರಿಯುತ್ತಿದೆ. ಈ ಸ್ಥಿತಿಯಲ್ಲೇ ಪಾರ್ಕ್ ಲೈಟಿನ ಫ್ಯೂಸ್ ತೆಗೆಯಿರಿ. ಎರಡು ಉತ್ತರಗಳಲ್ಲಿ ಒಂದು ಬರುತ್ತದೆ.

ಲೈಟ್ ಆರಿತು. ಹಾಗಾದರೆ ಕರೆಂಟು ತನ್ನ ಮಾಮೂಲು ದಾರಿಯಲ್ಲೇ ಬರುತ್ತಿದೆ. ಆ ದಾರಿಯಲ್ಲಿ ಬಾಗಿಲು ಹಾಕಬೇಕಾದವರು ಹಾಕುತ್ತಿಲ್ಲ. ರಿಲೇ ಅಥವಾ ಸ್ವಿಚ್ ಕಡೆ ಹೋಗಿ.

ಲೈಟ್ ಆರಲಿಲ್ಲ. ಇದು ಬಹಳ ಬೆಲೆಯುಳ್ಳ ಸುಳಿವು. ಕರೆಂಟು ಬೇರೆ ಫ್ಯೂಸಿನಿಂದ ಹಿತ್ತಲ ಬಾಗಿಲಲ್ಲಿ ಬರುತ್ತಿದೆ. ತೆಗೆದ ಪಾರ್ಕ್ ಫ್ಯೂಸನ್ನು ಹಾಗೇ ಹೊರಗಿಟ್ಟು ಉಳಿದವನ್ನು ಒಂದೊಂದಾಗಿ ತೆಗೆದು, ನೋಡಿ, ಮತ್ತೆ ಅದೇ ಜಾಗಕ್ಕೆ ಹಾಕುತ್ತಾ ಹೋಗಿ. ಕೆಂಪು 10 ಆಂಪಿಯರ್, ನೀಲಿ 15, ಹಳದಿ 20. ಒಂದರ ಜಾಗಕ್ಕೆ ಇನ್ನೊಂದು ಹೋಗಬಾರದು. ಏರ್‌ಬ್ಯಾಗ್ ಎಂದು ಬರೆದ ಫ್ಯೂಸ್ ಮುಟ್ಟಬೇಡಿ.

ನನ್ನ ಕಾರಿನಲ್ಲಿ ಆದದ್ದು ಇದೇ. ಟೈಲ್ ಫ್ಯೂಸ್ ತೆಗೆದರೂ ಲೈಟ್ ಉರಿಯುತ್ತಲೇ ಇತ್ತು. ಹತ್ತನೆಯದೋ ಹನ್ನೊಂದನೆಯದೋ, ಆಡಿಯೋ ಎಂದು ಬರೆದದ್ದು. ತೆಗೆದ ಕೂಡಲೇ ತಂಗಿ "ಆರ್ತು!" ಎಂದು ಕೂಗಿದಳು. ಆಟಕ್ಕೆ ಹೋದ ದಿನ ಮಧ್ಯಾಹ್ನವಷ್ಟೇ ಒಂದು ಅಂಗಡಿಯಲ್ಲಿ ಹೊಸ ಸ್ಟೀರಿಯೋ ಹಾಕಿಸಿದ್ದೆ. ಹಗಲು ಆದ್ದರಿಂದ ಲೈಟ್ ಉರಿಯುತ್ತಿದ್ದದ್ದು ಕಣ್ಣಿಗೆ ಬೀಳಲಿಲ್ಲ.

ಆಮೇಲೆ ಸೇರಿಸಿದ ಸಾಮಾನುಗಳು

ಸ್ಟೀರಿಯೋದ ಹಿಂದೆ ಬರುವ ವಯರುಗಳಲ್ಲಿ ಸಾಮಾನ್ಯವಾಗಿ ಹಳದಿ ಬ್ಯಾಟರಿಯಿಂದ ನೇರ ಬರುವ ಕರೆಂಟು, ಕೆಂಪು ಕೀ ಹಾಕಿದಾಗ ಬರುವ ಕರೆಂಟು, ಕಪ್ಪು ಅರ್ತ್, ಅಂದರೆ ಕರೆಂಟು ವಾಪಸ್ ಹೋಗುವ ದಾರಿ. ಕಿತ್ತಳೆ ಬಣ್ಣದ್ದು ಪಾರ್ಕ್ ಲೈಟ್ ಲೈನಿಗೆ ಸೇರುತ್ತದೆ. ರಾತ್ರಿ ಲೈಟ್ ಹಾಕಿದಾಗ ಸ್ಟೀರಿಯೋದ ಪರದೆ ಮಂಕಾಗಲಿ ಎಂದು ಆ ವಯರು. ಹಳದಿ ಮತ್ತು ಕಿತ್ತಳೆ ಒಂದಕ್ಕೊಂದು ಸೇರಿದರೆ ಬ್ಯಾಟರಿಯ ಕರೆಂಟು ಕಿತ್ತಳೆ ವಯರಿನಲ್ಲಿ ಹಿಂದಕ್ಕೆ ಹರಿದು ಕಾರಿನ ಎಲ್ಲ ಪಾರ್ಕ್ ಲೈಟ್ ಉರಿಸುತ್ತದೆ. ನನ್ನ ಕಾರಿನಲ್ಲಿ ಈ ಎರಡನ್ನೂ ಒಂದೇ ಗಂಟಿನಲ್ಲಿ ತಿರುಚಿ ಟೇಪ್ ಸುತ್ತಿದ್ದರು. ಬಿಡಿಸಿದೆ, ಕಿತ್ತಳೆಯನ್ನು ಬೇರೆಯಾಗಿ ಮುಚ್ಚಿದೆ. ಸ್ಟೀರಿಯೋಗೆ ಏನೂ ಆಗಲಿಲ್ಲ, ಆ ವಯರು ಇಲ್ಲದೆಯೂ ಹಾಡುತ್ತದೆ. ಬಣ್ಣವನ್ನೇ ಪೂರ್ತಿ ನಂಬಬೇಡಿ, ಟೆಸ್ಟ್ ಲ್ಯಾಂಪ್ ಇಟ್ಟು ನೋಡಿ.

ಹಾಗಾಗಿ ಮೊದಲ ಪ್ರಶ್ನೆ ಯಾವಾಗಲೂ ಇದು: ಇತ್ತೀಚೆಗೆ ಕಾರಿಗೆ ಏನು ಹಾಕಿಸಿದಿರಿ? ರಿಮೋಟ್ ಅಲಾರಂ ಇದ್ದರೆ ಅದರ ಡಬ್ಬದೊಳಗೂ ಒಂದು ರಿಲೇ ಇದೆ. ಲಾಕ್ ಮಾಡಿದಾಗ ಲೈಟ್ ಮಿನುಗಿಸುವುದು ಅದೇ. ಅದು ಅಂಟಿಕೊಂಡರೆ ಲೈಟ್ ಆರುವುದಿಲ್ಲ. ಡಬ್ಬದ ಕನೆಕ್ಟರ್ ಎಳೆದು ನೋಡಿ. ಫಾಗ್ ಲ್ಯಾಂಪ್, ಗ್ರಿಲ್ಲಿನ ಎಲ್‌ಇಡಿ ಪಟ್ಟಿ, ಸೀಟಿನಡಿಯ ನೀಲಿ ಬೆಳಕು, ಇವೆಲ್ಲವೂ ಸಿಕ್ಕಿದ ವಯರಿಗೆ ತಿರುಚಿ ಹಾಕಿದವೇ ಜಾಸ್ತಿ. ಒಂದೊಂದಾಗಿ ಬಿಡಿಸಿ.

ರಿಲೇ ಅಂಟಿಕೊಂಡಿದೆಯೇ?

ಪಾರ್ಕ್ ಫ್ಯೂಸ್ ತೆಗೆದಾಗ ಲೈಟ್ ಆರಿದವರು ಇಲ್ಲಿಗೆ ಬನ್ನಿ. ರಿಲೇ ಎಂದರೆ ಬೆಂಕಿಪೆಟ್ಟಿಗೆಗಿಂತ ಸಣ್ಣ ಒಂದು ಡಬ್ಬ. ಸ್ವಿಚ್ ಕಳಿಸಿದ ಸ್ವಲ್ಪ ಕರೆಂಟಿನಿಂದ ಒಳಗಿನ ಸುರುಳಿ ಅಯಸ್ಕಾಂತವಾಗುತ್ತದೆ, ಒಂದು ತಗಡನ್ನು ಎಳೆದು ದೊಡ್ಡ ಕರೆಂಟಿಗೆ ದಾರಿ ಮಾಡುತ್ತದೆ. ಸಾವಿರಾರು ಸಲ ಕಿಡಿ ಹಾರಿ ಹಾರಿ ಕೆಲವೊಮ್ಮೆ ಆ ತಗಡು ವೆಲ್ಡ್ ಆದ ಹಾಗೆ ಅಂಟಿಕೊಳ್ಳುತ್ತದೆ. ಸುರುಳಿಯ ಕರೆಂಟು ನಿಂತರೂ ಬಿಡುವುದಿಲ್ಲ.

ಫ್ಯೂಸ್ ವಾಪಸ್ ಹಾಕಿ, ರಿಲೇಯನ್ನು ಎಳೆದು ತೆಗೆಯಿರಿ. ಲೈಟ್ ಆರುತ್ತದೆ. ಅಷ್ಟಕ್ಕೇ ರಿಲೇ ಕೆಟ್ಟಿದೆ ಎಂದುಕೊಳ್ಳಬೇಡಿ. ಸ್ವಿಚ್ ತಪ್ಪಾಗಿ ಆದೇಶ ಕೊಡುತ್ತಿದ್ದರೂ ರಿಲೇ ತೆಗೆದಾಗ ಆರುತ್ತದೆ. ಈಗ ಅದೇ ನಂಬರಿನ ಇನ್ನೊಂದು ರಿಲೇ, ಹೆಚ್ಚಾಗಿ ಹಾರ್ನಿನದ್ದು ಒಂದೇ ತರಹ ಇರುತ್ತದೆ, ತೆಗೆದು ಇಲ್ಲಿ ಹಾಕಿ. ಲೈಟ್ ಬರಲಿಲ್ಲ ಎಂದರೆ ಹಳೇ ರಿಲೇಯೇ ಕಳ್ಳ. ಹಾಕಿದ ಕೂಡಲೇ ಟಿಕ್ ಎಂದು ಲೈಟ್ ಬಂದರೆ ರಿಲೇ ಅಮಾಯಕ, ಸ್ವಿಚ್ಚಿನ ಕಡೆಯಿಂದ ಆದೇಶ ಬರುತ್ತಿದೆ.

ಮೀಟರ್ ಇದ್ದವರು ತೆಗೆದ ರಿಲೇಯ 30 ಮತ್ತು 87 ಎಂದು ಬರೆದ ಕಾಲುಗಳ ನಡುವೆ ಬೀಪ್ ಪರೀಕ್ಷೆ ಮಾಡಿ, ಎರಡರ ನಡುವೆ ದಾರಿ ಕೂಡಿದ್ದರೆ ಮೀಟರ್ ಬೀಪ್ ಅನ್ನುತ್ತದೆ. ಹೊರಗೆ ಕೈಯಲ್ಲಿರುವ ರಿಲೇ ಬೀಪ್ ಅನ್ನಬಾರದು. ಬೀಪ್ ಅಂದರೆ ಅದು ಅಂಟಿಕೊಂಡಿದೆ. ತಟ್ಟಿದರೆ ಬಿಟ್ಟುಕೊಳ್ಳಬಹುದು, ಆದರೆ ನಾಳೆ ಮತ್ತೆ ಅಂಟುತ್ತದೆ. ಬದಲಿಸಿಬಿಡಿ. ಹೊಸ ಕಾರುಗಳಲ್ಲಿ ಈ ರಿಲೇ ಬೇರೆಯಾಗಿ ಕಾಣದೆ ಮಾಡ್ಯೂಲಿನ ಒಳಗೇ ಇರುವುದೂ ಉಂಟು.

ಸ್ಟೀರಿಂಗಿನ ಕಡ್ಡಿ

ಹಳೇ ಸಣ್ಣ ಕಾರುಗಳಲ್ಲಿ ಎಷ್ಟೋ ಸಲ ರಿಲೇಯೇ ಇರುವುದಿಲ್ಲ. ಪಾರ್ಕ್ ಲೈಟಿನ ಪೂರ್ತಿ ಕರೆಂಟು ಸ್ಟೀರಿಂಗ್ ಪಕ್ಕದ ಕಡ್ಡಿಯ ಒಳಗಿನ ತಾಮ್ರದ ತಗಡುಗಳ ಮೂಲಕವೇ ಹೋಗುತ್ತದೆ. ಅದೇ ಲೈನಿಗೆ ಇನ್ನೂ ನಾಲ್ಕು ಅಲಂಕಾರದ ಲೈಟ್ ಸೇರಿಸಿದರೆ ತಗಡು ಕಾಯುತ್ತದೆ, ಸುತ್ತಲಿನ ಪ್ಲಾಸ್ಟಿಕ್ ಕರಗುತ್ತದೆ, ತಗಡು ಅಲ್ಲೇ ಹುದುಗಿಬಿಡುತ್ತದೆ. ಕಡ್ಡಿಯನ್ನು ಅಲ್ಲಾಡಿಸಿದಾಗ ಲೈಟ್ ಮಿನುಗುವುದು, ತುದಿ ಹಿಡಿತವಿಲ್ಲದೆ ಸುತ್ತುವುದು, ಸುಟ್ಟ ಪ್ಲಾಸ್ಟಿಕ್ ವಾಸನೆ, ಇವು ಅದರ ಲಕ್ಷಣ.

ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ ಮುಚ್ಚಳದ ಸ್ಕ್ರೂ ತೆಗೆದರೆ ಕಡ್ಡಿಯ ಕನೆಕ್ಟರ್ ಕಾಣುತ್ತದೆ. ಅದನ್ನು ಎಳೆದಾಗ ಲೈಟ್ ಆರಿದರೆ ದೋಷ ಕಡ್ಡಿಯ ಒಳಗೆ. ಆರದಿದ್ದರೆ ಕಡ್ಡಿ ಸರಿ ಇದೆ, ವಯರಿನಲ್ಲಿ ಎಲ್ಲೋ ಸೇರಿಕೊಂಡಿದೆ. ಕೊಳೆ ಮಾತ್ರ ಆಗಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಇಪ್ಪತ್ತು ಸಲ ಆನ್ ಆಫ್ ಮಾಡಿದರೆ ಸರಿಯಾಗಬಹುದು. ಪ್ಲಾಸ್ಟಿಕ್ ಕರಗಿದ್ದರೆ ಹೊಸದೇ ಬೇಕು. ಹೊಸದು ಹಾಕಿ ಆ ಅಲಂಕಾರದ ಲೈಟುಗಳನ್ನು ಹಾಗೇ ಉಳಿಸಿದರೆ ಅದೂ ಕರಗುತ್ತದೆ. ಅವಕ್ಕೆ ಬೇರೆ ಫ್ಯೂಸ್, ಬೇರೆ ರಿಲೇ ಹಾಕಿಸಿ.

ಒಂದು ಎಚ್ಚರ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಸ್ಟೀರಿಂಗಿನಲ್ಲಿ ಏರ್‌ಬ್ಯಾಗ್ ಇದ್ದರೆ ಹಳದಿ ಬಣ್ಣದ ಕನೆಕ್ಟರ್, ಹಳದಿ ವಯರು ಕಾಣುತ್ತದೆ. ಅದನ್ನು ಮುಟ್ಟಬಾರದು, ಮೀಟರ್ ಇಡಬಾರದು, ಸ್ಟೀರಿಂಗ್ ಚಕ್ರ ಬಿಚ್ಚಬಾರದು. ಅಂಥ ಕಾರಿನಲ್ಲಿ ಕಡ್ಡಿ ಬದಲಿಸುವುದು ತಿಳಿದವರ ಕೆಲಸ.

ಮಳೆ, ಉಪ್ಪು, ಇಲಿ

ನಮ್ಮ ಜಿಲ್ಲೆಗೆ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಉಪ್ಪಳ, ಮಂಜೇಶ್ವರದ ಕಡೆ ಜತೆಗೆ ಕಡಲಿನ ಉಪ್ಪು ಗಾಳಿ. ಪೆರ್ಲ, ಮುಳ್ಳೇರಿಯದ ಕಡೆ ಕಾರು ನಿಲ್ಲುವುದು ಅಡಿಕೆ ಗೋಣಿ, ಕೊಬ್ಬರಿ ರಾಶಿ ಇರುವ ಕೊಟ್ಟಿಗೆಯ ಪಕ್ಕ. ಬೇರೆ ಊರಿನವರು ಬರೆದ ಮಾರ್ಗದರ್ಶಿಯಲ್ಲಿ ಇವು ಇರುವುದಿಲ್ಲ. ನಮಗೆ ಇವೇ ಮುಖ್ಯ.

ಮೊದಲು ಇಲಿ. ಮಳೆಗಾಲದ ರಾತ್ರಿ ಎಂಜಿನ್ ಬೆಚ್ಚಗಿರುತ್ತದೆ, ಪಕ್ಕದಲ್ಲಿ ತಿನ್ನಲು ಕೊಬ್ಬರಿ. ಇಲಿ ವಯರಿನ ಮೇಲ್ಪದರ ಕಡಿದು ತಾಮ್ರ ಬಯಲು ಮಾಡುತ್ತದೆ. ಸದಾ ಕರೆಂಟಿರುವ ವಯರೂ ಪಾರ್ಕ್ ಲೈಟಿನ ವಯರೂ ಒಂದೇ ಕಟ್ಟಿನಲ್ಲಿ ಹೋಗುತ್ತವೆ. ಎರಡರ ತಾಮ್ರ ತಗುಲಿದರೆ ಲೈಟ್ ಆರುವುದಿಲ್ಲ. ಬ್ಯಾಟರಿಯ ಅಡಿ, ಹೆಡ್‌ಲೈಟಿನ ಹಿಂದೆ, ಫ್ಯೂಸ್ ಡಬ್ಬದ ಕೆಳಗೆ ಟಾರ್ಚ್ ಹಾಕಿ ನೋಡಿ. ಹಿಕ್ಕೆ, ಹುಲ್ಲು, ಬಟ್ಟೆ ಚೂರು ಇದ್ದರೆ ಅಲ್ಲೇ ಹುಡುಕಿ. ಕಟ್ಟನ್ನು ಮೆಲ್ಲಗೆ ಅಲ್ಲಾಡಿಸುವಾಗ ಲೈಟ್ ಮಿನುಗಿದರೆ ಜಾಗ ಹತ್ತಿರದಲ್ಲೇ ಇದೆ. ಬ್ಯಾಟರಿ ಕಳಚಿ, ಕಡಿದ ವಯರನ್ನು ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಸ್ಲೀವ್ ಹಾಕಿ. ಬರೀ ಟೇಪ್ ಸುತ್ತಿದರೆ ಜೋರು ಮಳೆಯ ಒಂದು ಆಟಿ ತಿಂಗಳು ಕಳೆಯುವಷ್ಟರಲ್ಲಿ ಅಂಟು ಬಿಟ್ಟಿರುತ್ತದೆ.

ನೀರು ಎರಡು ಕಡೆಯಿಂದ ಕಾಡುತ್ತದೆ. ಮುಂದಿನ ಗಾಜಿನ ಕೆಳಗೆ ವೈಪರ್ ಇರುವ ಕಾಲುವೆಯಲ್ಲಿ ಹಲಸು, ಮಾವಿನ ಎಲೆ ತುಂಬಿದರೆ ನೀರು ಹೋಗುವ ತೂತು ಕಟ್ಟುತ್ತದೆ. ಆಗ ಅದು ಒಳಗಿನ ಫ್ಯೂಸ್ ಡಬ್ಬದ ಕಡೆ ಇಳಿಯುತ್ತದೆ. ಮೇ ಕೊನೆಯಲ್ಲಿ ಆ ಎಲೆ ತೆಗೆದುಬಿಡಿ. ಎರಡನೆಯದು ಹಿಂದಿನ ಲ್ಯಾಂಪ್. ಅದರ ಗಾಜಿನ ಒಳಗೆ ಹನಿ ನಿಂತಿದ್ದರೆ ಬಿಚ್ಚಿ ನೋಡಿ. ಹೋಲ್ಡರಿನಲ್ಲಿ ಹಸಿರು ಕಿಲುಬು, ಅರ್ತ್ ವಯರಿನಲ್ಲಿ ತುಕ್ಕು ಇದ್ದರೆ ಕರೆಂಟು ವಾಪಸ್ ಹೋಗುವ ದಾರಿ ಸಿಗದೆ ಪಕ್ಕದ ಬಲ್ಬಿನ ಮೂಲಕ ನುಗ್ಗುತ್ತದೆ. ಉಜ್ಜಿ, ಒಣಗಿಸಿ, ಅರ್ತ್ ಬಿಗಿ ಮಾಡಿ.

ಲ್ಯಾಂಪ್ ಬಿಚ್ಚಿದಾಗ ಬಲ್ಬನ್ನೂ ನೋಡಿ. ಹೆಚ್ಚಿನ ಕಾರುಗಳ ಹಿಂದೆ 21 ಮತ್ತು 5 ವ್ಯಾಟಿನ ಎರಡು ತಂತಿಗಳ ಒಂದೇ ಬಲ್ಬ್ ಇರುತ್ತದೆ. ಒಂದು ತಂತಿ ತುಂಡಾಗಿ ಇನ್ನೊಂದರ ಮೇಲೆ ಬಿದ್ದರೆ ಬ್ರೇಕಿನ ಕರೆಂಟು ಪಾರ್ಕ್ ಲೈನಿಗೆ ದಾಟುತ್ತದೆ. ಬ್ರೇಕ್ ತುಳಿದಾಗ ಮೀಟರ್ ಬೋರ್ಡ್ ಸಹಿತ ಎಲ್ಲ ಪಾರ್ಕ್ ಲೈಟ್ ಉರಿದರೆ ಕಾರಣ ಇದು. ಇದರ ಜತೆ ಬ್ರೇಕ್ ಬುಷ್ ಕೂಡ ಪುಡಿಯಾಗಿದ್ದರೆ ಎಲ್ಲವೂ ಯಾವಾಗಲೂ ಉರಿಯುತ್ತದೆ. ಬದಿಯಡ್ಕದ ಒಂದು ಕಾರಿನಲ್ಲಿ ಹೀಗೇ ಆಗಿತ್ತು. ಎರಡು ಸಣ್ಣ ದೋಷ ಸೇರಿ ಒಂದು ದೊಡ್ಡದರ ಹಾಗೆ ಕಾಣುತ್ತಿತ್ತು, ಹುಡುಕಲು ಎರಡು ಸಂಜೆ ಬೇಕಾಯಿತು.

ಕಂಪ್ಯೂಟರ್ ಇರುವ ಕಾರುಗಳು

ಈಗಿನ ಕಾರುಗಳಲ್ಲಿ ಲೈಟ್ ಸ್ವಿಚ್ ಬರೀ ಸಂದೇಶ ಕಳಿಸುತ್ತದೆ. ಉರಿಸುವುದು, ಆರಿಸುವುದು ಬಾಡಿ ಕಂಟ್ರೋಲ್ ಮಾಡ್ಯೂಲ್. ಕೆಲವು ಕಾರುಗಳಲ್ಲಿ ಸ್ವಿಚ್ಚಿನ ಸಂದೇಶ ಅರ್ಥವಾಗದಿದ್ದರೆ ಮಾಡ್ಯೂಲ್ ಬೇಕೆಂದೇ ಲೈಟ್ ಉರಿಸಿಡುತ್ತದೆ. ರಾತ್ರಿ ಓಡುವಾಗ ಕತ್ತಲಾಗುವುದಕ್ಕಿಂತ ಅದು ಲೇಸು ಎಂಬ ಲೆಕ್ಕ. ಇಲ್ಲಿ ವಯರು ಕತ್ತರಿಸಬೇಡಿ, ಬೇರೆ ವಯರು ಜೋಡಿಸಬೇಡಿ. ಬ್ಯಾಟರಿಯನ್ನು ಹದಿನೈದು ನಿಮಿಷ ಕಳಚಿ ಮತ್ತೆ ಹಾಕಿ ನೋಡಿ. ಹೋಗದಿದ್ದರೆ ಸ್ಕ್ಯಾನರ್ ಇರುವಲ್ಲಿ ದೋಷದ ಕೋಡ್ ಓದಿಸಿ. ಮಾಡ್ಯೂಲ್ ಬದಲಿಸಬೇಕು ಎಂದು ಯಾರಾದರೂ ಹೇಳಿದರೆ, ಮೊದಲು ಅದರ ಕನೆಕ್ಟರಿನಲ್ಲಿ ನೀರು, ಕಿಲುಬು ಇದೆಯೇ ಎಂದು ತೋರಿಸಲು ಕೇಳಿ.

ವರ್ಕ್‌ಶಾಪಿಗೆ ಹೋದಾಗ

ಮಲಯಾಳದಲ್ಲಿ "ಲೈಟ್ ಓಫ್ ಆವುನ್ನಿಲ್ಲ" ಎಂದೋ ತುಳುವಿನಲ್ಲಿ "ಲೈಟ್ ಆಫ್ ಆಪುಜಿ" ಎಂದೋ, ಬರೀ ಲೈಟ್ ಆರುವುದಿಲ್ಲ ಎಂದಷ್ಟೇ ಹೇಳಿ ಕೀ ಕೊಟ್ಟು ಬರಬೇಡಿ. ಯಾವ ಯಾವ ಲೈಟ್ ಉರಿಯುತ್ತದೆ, ಯಾವ ಫ್ಯೂಸ್ ತೆಗೆದಾಗ ಆರಿತು, ರಿಲೇ ಬದಲಿಸಿದಾಗ ಏನಾಯಿತು, ಇತ್ತೀಚೆಗೆ ಕಾರಿಗೆ ಏನು ಹಾಕಿಸಿದಿರಿ, ಈ ನಾಲ್ಕು ಮಾತು ಹೇಳಿ. ಒಳ್ಳೆಯ ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನದ ಕೆಲಸ ಅರ್ಧ ಗಂಟೆಗೆ ಇಳಿಯುತ್ತದೆ.

ಸತ್ತ ಬ್ಯಾಟರಿಗೆ ಇನ್ನೊಂದು ಕಾರಿನಿಂದ ಕೇಬಲ್ ಹಾಕುವುದಾದರೆ ಕ್ರಮ ಹೀಗೆ. ಕೆಂಪು ಮೊದಲು ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಆಮೇಲೆ ಒಳ್ಳೆಯ ಬ್ಯಾಟರಿಯ ಪ್ಲಸ್ಸಿಗೆ. ಕಪ್ಪು ಒಳ್ಳೆಯದರ ಮೈನಸ್ಸಿಗೆ, ಕೊನೆಯ ತುದಿ ಸತ್ತ ಕಾರಿನ ಎಂಜಿನ್ನಿನ ಬರಿಯ ಲೋಹಕ್ಕೆ. ತೆಗೆಯುವಾಗ ಹಿಂದುಮುಂದು. ಸ್ಟಾರ್ಟ್ ಆದ ಮೇಲೆ ಹತ್ತು ನಿಮಿಷ ಓಡಿಸಿದರೆ ಬ್ಯಾಟರಿ ತುಂಬುವುದಿಲ್ಲ. 35 ಆಂಪಿಯರ್-ಅವರಿನದಕ್ಕೆ ಮೂರು ಮೂರೂವರೆ ಆಂಪಿಯರಿನಲ್ಲಿ ನಿಧಾನ ಚಾರ್ಜ್ ಮಾಡಿಸಿ. ಚಾರ್ಜ್ ಆಗಿ ಒಂದು ರಾತ್ರಿ ಸುಮ್ಮನಿದ್ದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12.2ಕ್ಕೆ ಇಳಿದಿದ್ದರೆ ಬ್ಯಾಟರಿಯನ್ನೇ ಪರೀಕ್ಷೆ ಮಾಡಿಸಿ.

ದೋಷ ಸರಿಯಾದ ಮೇಲೆ ಕೊನೆಯ ಪರೀಕ್ಷೆ ಬ್ಯಾಟರಿಯ ಹತ್ತಿರ. ಎಲ್ಲ ಫ್ಯೂಸ್ ವಾಪಸ್ ಹಾಕಿ. ಲೈಟ್ ಹಾಕಿ, ಆರಿಸಿ, ಬ್ರೇಕ್ ತುಳಿಸಿ, ನಂಬರ್ ಪ್ಲೇಟ್ ಸಹಿತ ಎಲ್ಲ ನೋಡಿ. ಕೀ ತೆಗೆದು, ಬಾಗಿಲು ಹಾಕಿ. ಮೀಟರಿನ ಕೆಂಪು ಕಡ್ಡಿಯನ್ನು 10 ಆಂಪಿಯರ್ ತೂತಿಗೆ ಸಿಕ್ಕಿಸಿ, ಬ್ಯಾಟರಿಯ ಮೈನಸ್ ಕಂಬ ಮತ್ತು ಕಳಚಿದ ಮೈನಸ್ ವಯರಿನ ನಡುವೆ ಮೀಟರ್ ಹಿಡಿಯಿರಿ. ಮೀಟರ್ ಹಾಗಿರುವಾಗ ಎಂಜಿನ್ ಸ್ಟಾರ್ಟ್ ಮಾಡಬಾರದು, ಮೀಟರ್ ಸುಡುತ್ತದೆ. ಮೊದಲು ಅಂಕಿ ಜಾಸ್ತಿ ತೋರಿಸುತ್ತದೆ. ಮಾಡ್ಯೂಲುಗಳು ಮಲಗಲು ಅರ್ಧ ಗಂಟೆ ಬೇಕಾಗಬಹುದು. ಆಮೇಲೆ 50 ಮಿಲಿಆಂಪಿಯರ್ ಒಳಗೆ ನಿಂತರೆ ಸರಿ. ಅದಕ್ಕಿಂತ ಜಾಸ್ತಿ ಇದ್ದರೆ ಮತ್ತೆ ಫ್ಯೂಸ್ ಡಬ್ಬದ ಹತ್ತಿರ ಹೋಗಿ, ಒಂದೊಂದಾಗಿ ತೆಗೆಯುತ್ತಾ ಅಂಕಿ ಯಾವಾಗ ಇಳಿಯುತ್ತದೆ ಎಂದು ನೋಡಿ.